ಬಿಳಿ ಪಟ್ಟಿಯ ಎರಡು ನೀಲಿ ಅಂಗಿ

ನಮ್ಮ ಊರಿನಿಂದ ಯಾರಾದರೂ ಯುದ್ಧಕ್ಕೆ ಹೋದರೆ ಅವರು ಮನೆಯಲ್ಲಿ ಬಿಟ್ಟುಹೋದ ಅಂಗಿ ಕೊಳೆಯಾಗುತ್ತದೆ. ಗೂಟಕ್ಕೆ ನೇತುಹಾಕಿದರೂ ಆಗುತ್ತದೆ, ಟ್ರಂಕಿನಲ್ಲಿಟ್ಟು ಬೀಗ ಹಾಕಿದರೂ ಆಗುತ್ತದೆ. ಅಲ್ಲಿ ಅವರ ಮೈಗೆ ಹತ್ತಿದ್ದು ಇಲ್ಲಿ ಅಂಗಿಗೆ ಹತ್ತುತ್ತದೆ, ಅಷ್ಟೆ. ಹಾಗಾಗಿ ಯುದ್ಧ ಶುರುವಾದ ಮೇಲೆ ನಮ್ಮ ಹೆಂಗಸರಿಗೆ ಹೆಚ್ಚಾದ ಕೆಲಸವೆಂದರೆ ಬಟ್ಟೆ ಒಗೆಯುವುದು. ಮೊದಮೊದಲು ನಾಲ್ಕು ಅಂಗಿ ಬಿಟ್ಟುಹೋದವರ ಮನೆಯಲ್ಲಿ ನಾಲ್ಕೂ ಕೊಳೆಯಾಗುತ್ತಿದ್ದವು. ಆಮೇಲೆ ಎಲ್ಲರೂ ಬುದ್ಧಿ ಕಲಿತು ಒಂದನ್ನು ಇಟ್ಟುಕೊಂಡು ಉಳಿದವನ್ನು ಕೌದಿ ಹೊಲಿದರು.

ನಮ್ಮ ಮನೆಯಲ್ಲಿದ್ದದ್ದು ಅಣ್ಣನ ಅಂಗಿ. ಅಣ್ಣನ ಹೆಸರು ಚನ್ನವೀರ. ಅವನು ನಡೆಸುತ್ತಿದ್ದ ಹಿಟ್ಟಿನ ಗಿರಣಿಯನ್ನು ಈಗ ಅವನ ತಂಗಿ ನಾನು ನಡೆಸುತ್ತಿದ್ದೆ. ನನಗೆ ಇಪ್ಪತ್ತೆರಡು ವರ್ಷ. ಡೀಸೆಲ್ ಸಿಕ್ಕ ದಿನ ಗಿರಣಿ, ಸಿಗದ ದಿನ ಬೀಸುವ ಕಲ್ಲು. ಅಂಗಿ ತಿಳಿನೀಲಿ ಬಣ್ಣದ್ದು, ಬಿಳಿ ಪಟ್ಟಿಯದು. ಯುದ್ಧಕ್ಕೆ ಮುಂಚಿನ ವರ್ಷ ಊರಿನ ಬಟ್ಟೆ ಅಂಗಡಿಗೆ ಬಂದದ್ದು ಅದೊಂದೇ ಬಟ್ಟೆಯ ತಾನು. ಪಕ್ಕದ ಮನೆಯ ದರ್ಜಿ ಭರಮಪ್ಪ ಅದರಲ್ಲಿ ಅಣ್ಣನಿಗೊಂದು, ತನಗೊಂದು ಅಂಗಿ ಹೊಲಿದಿದ್ದ.

ಯುದ್ಧ ಮೂಡಣದವರಿಗೂ ಪಡುವಣದವರಿಗೂ ನಡುವೆ. ನಮ್ಮ ಊರು ನಡುವೆ ಇತ್ತು. ಗಂಡಸರನ್ನು ಒಯ್ಯಲು ಮೊದಲು ಬಂದ ಲಾರಿ ಪಡುವಣದವರದು, ಭರಮಪ್ಪ ಅದನ್ನು ಹತ್ತಿದ. ಎರಡು ದಿನ ಬಿಟ್ಟು ಬಂದ ಲಾರಿ ಮೂಡಣದವರದು, ಅಣ್ಣ ಅದನ್ನು ಹತ್ತಿದ. ಇಬ್ಬರೂ ಹತ್ತುವ ಮುಂಚೆ ಲಾರಿ ಯಾರದೆಂದು ಕೇಳಿರಲಿಲ್ಲ. ಕೇಳುವಂಥ ಲಾರಿಗಳೂ ಅವಲ್ಲ. ಆಮೇಲೆ ಊರು ಮೂಡಣದವರ ಕೈಗೆ ಸಿಕ್ಕಿತು. ಅಲ್ಲಿಗೆ ನಾವು ವೀರರ ಮನೆಯವರಾದೆವು, ಭರಮಪ್ಪನ ಹೆಂಡತಿ ಕಲ್ಲವ್ವ ಶತ್ರುವಿನ ಹೆಂಡತಿಯಾದಳು. ಎರಡು ಮನೆಗೂ ಗೋಡೆ ಒಂದೇ.

ಮೊದಲ ತಿಂಗಳು ಕೆರೆಯಲ್ಲಿ ಮೂಡಣದವರ ಮನೆಯವರಿಗೆ ಮೇಲಿನ ಕಲ್ಲುಗಳು, ಪಡುವಣದವರ ಮನೆಯವರಿಗೆ ಕೆಳಗಿನ ಕಲ್ಲುಗಳು ಎಂದು ಆಗಿತ್ತು. ಆಮೇಲೆ ಕೆರೆಯ ನೀರು ಇಳಿಯಿತು, ಸಾಬೂನೂ ಮುಗಿಯಿತು. ಅಂಟವಾಳಕಾಯಿ ಕುಟ್ಟುವ ಒರಳು ಊರಿಗೆಲ್ಲ ಒಂದೇ, ಅದೂ ಕಲ್ಲವ್ವನದು. ಹಾಗಾಗಿ ಎಲ್ಲರೂ ಕೆಳಗಿನ ಕಲ್ಲಿಗೆ ಇಳಿದರು. ಅಕ್ಕಪಕ್ಕದಲ್ಲಿ ಕೂತು ಒಬ್ಬಳು ಗಂಡನ ಅಂಗಿಯ ರಕ್ತ ತಿಕ್ಕುವಾಗ ಇನ್ನೊಬ್ಬಳು ಮಗನ ಅಂಗಿಯ ರಕ್ತ ತಿಕ್ಕುತ್ತಿದ್ದಳು. ಯಾರ ಅಂಗಿಯ ಮೇಲಿನದು ಯಾರ ರಕ್ತವೆಂದು ನಾವು ಮಾತಾಡುತ್ತಿರಲಿಲ್ಲ. ತಣ್ಣೀರಲ್ಲಿ ನೆನೆಸಬೇಕು, ಬಿಸಿನೀರು ಹಾಕಿದರೆ ಕಲೆ ಕೂರುತ್ತದೆ ಎಂಬಂಥವನ್ನು ಮಾತಾಡುತ್ತಿದ್ದೆವು.

ನಮಗೆ ಕೊಳೆಯ ಭಯ ಇರಲಿಲ್ಲ. ಭಯವೆಲ್ಲ ಸ್ವಚ್ಛ ಅಂಗಿಯದು. ಒಗೆದು ಹಾಕಿದ ಅಂಗಿ ಒಂದು ದಿನ ಹಾಗೇ ಉಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಎರಡನೆಯ ದಿನ ಒಲೆ ಹಚ್ಚುತ್ತಿರಲಿಲ್ಲ. ಮೂರನೆಯ ದಿನವೂ ಅಂಗಿಯಲ್ಲಿ ಬೆವರಿನ ಒಂದು ಗೆರೆ ಕಾಣದಿದ್ದರೆ ಅಳುತ್ತಿದ್ದರು. ಇದು ಮೂಡಣದವರ ಮನೆಗಳಲ್ಲಿ. ಶತ್ರುವಿಗಾಗಿ ದನಿ ತೆಗೆದು ಅಳಬಾರದೆಂದು ಮೂಡಣದವರು ಊರಲ್ಲಿ ನೇಮಿಸಿದ ಸಮಿತಿಯ ಆಜ್ಞೆ ಇತ್ತು.

ಸಮಿತಿಯ ಹಿರಿಯರು ಗುರುಪಾದಪ್ಪ ಮಾಸ್ತರು. ನಮಗೆಲ್ಲ ಮಗ್ಗಿ ಕಲಿಸಿದವರು. ಪ್ರತಿ ಸೋಮವಾರ ಶಾಲೆಯ ಪಡಸಾಲೆಯಲ್ಲಿ ಕೂತು, ನಮ್ಮವರ ಅಂಗಿಗಳನ್ನು ಒಗೆಯುವ ಮುಂಚೆ ಭೂತಗನ್ನಡಿ ಹಿಡಿದು ನೋಡಿ, ಮಣ್ಣು ಇಷ್ಟು, ಮದ್ದು ಇಷ್ಟು ಎಂದು ಬರೆದುಕೊಳ್ಳುತ್ತಿದ್ದರು. ಚೆನ್ನಾಗಿ ಕೊಳೆಯಾದ ಅಂಗಿಗೆ "ಶಾಭಾಸ್" ಎನ್ನುತ್ತಿದ್ದರು. ಒಮ್ಮೆ ಸಿದ್ರಾಯನೆಂಬವನ ಅಂಗಿಯ ಮುಂಭಾಗಕ್ಕೆಲ್ಲ ಮಾವಿನಹಣ್ಣಿನ ರಸ ಸುರಿದಿತ್ತು. ಯುದ್ಧ ನಡೆಯುವಲ್ಲಿ ಮಾವು ಬೆಳೆಯುವುದಿಲ್ಲ. ಎಂಟು ದಿನದಲ್ಲಿ ಅವನನ್ನು ಒಂದು ಮಾವಿನ ತೋಪಿನಲ್ಲಿ ಹಿಡಿದರು. ಒಂಬತ್ತನೆಯ ದಿನ ಅಂಗಿಗೆ ರಕ್ತ ಬಂತು, ಬೆನ್ನಿನ ಕಡೆಗೆ. ಹತ್ತನೆಯ ದಿನದಿಂದ ಅಂಗಿ ಸ್ವಚ್ಛ.

ಶ್ರಾವಣದ ಹೊತ್ತಿಗೆ ಕಲ್ಲವ್ವನ ಅಂಗಿ ಸ್ವಚ್ಛವಾಯಿತು. ಅವಳು ಹೇಳಲಿಲ್ಲ. ಪಕ್ಕದ ಕಲ್ಲಿನಲ್ಲಿದ್ದ ನಾನು ನೋಡಿದೆ. ಅವಳು ಅಂಟವಾಳ ಹಚ್ಚಿ ತಿಕ್ಕಿ ಹಿಂಡಿದಾಗ ತಿಳಿನೀರು ಇಳಿಯಿತು. ಮರುದಿನವೂ ತಿಳಿನೀರು. ಐದನೆಯ ದಿನ ನಾನು ಕೈ ನಿಲ್ಲಿಸಿ ಅವಳನ್ನು ನೋಡಿದೆ.

"ನೋಡಬ್ಯಾಡ," ಎಂದಳು. "ನಿನ್ನ ಕೆಲಸ ಮಾಡು."

"ಕಲ್ಲಕ್ಕಾ..."

"ಅಳೂ ಹಂಗಿಲ್ಲ, ಸುಗಲಾ. ಮನಿಯಾಗ ಕುಂತ್ರ ಅಳು ಬರತೈತಿ. ಒಗಿಯಾಕ ಬಿಡು."

ಅವಳು ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ತೆಗೆದರೆ ಅದೂ ಅತ್ತ ಹಾಗೆಯೇ ಲೆಕ್ಕ. ದಿನಾ ಬೆಳಿಗ್ಗೆ ಸ್ವಚ್ಛ ಅಂಗಿಯನ್ನು ಕೆರೆಗೆ ತಂದು ಒಗೆದುಕೊಂಡು ಹೋಗುತ್ತಿದ್ದಳು.

ಅದಾಗಿ ತಿಂಗಳಿಗೆ ನಮ್ಮ ಅಂಗಿಯ ಎಡ ಹೆಗಲ ಮೇಲೆ ಒಂದು ಬಿಳಿ ಕಲೆ ಬಂತು. ಅದು ಸುಣ್ಣವೂ ಅಲ್ಲ, ಹಿಟ್ಟೂ ಅಲ್ಲ. ನಾನು ಅಂಗಿಯನ್ನು ಅವ್ವನ ಹತ್ತಿರ ತಂದೆ. ಅವ್ವನಿಗೆ ಕಣ್ಣು ಮಂಜು, ಮೂಗು ಚುರುಕು. ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಹಾಲು," ಎಂದಳು. "ಕೂಸು ಕಕ್ಕಿದ ಹಾಲು."

"ಯಾವ ಕೂಸವಾ?"

"ನನಗೇನು ಗೊತ್ತು? ಮೂರ್ ತಿಂಗಳದ ಕೂಸು. ಯುದ್ಧದ ದಗದ ಬಿಟ್ಟಾನ ನಿಮ್ಮಣ್ಣ."

ಮರುದಿನ ಅದೇ ಜಾಗದಲ್ಲಿ ಕಾಡಿಗೆ ಒರೆಸಿದ ಗುರುತು. ಅದರ ಮರುದಿನ ಹಾಲು, ಜೊಲ್ಲು, ಮತ್ತೆ ತೋಳಿನ ಮೇಲೆ ಯಾರೂ ಮೂಸಿ ನೋಡುವ ಅಗತ್ಯವಿಲ್ಲದ ಒಂದು ಹಳದಿ ಕಲೆ. ಬೆವರಿನಲ್ಲಿ ಮದ್ದಿನ ವಾಸನೆ ಇರಲಿಲ್ಲ. ಅಣ್ಣ ಬಂದೂಕು ಬಿಟ್ಟು ಎಲ್ಲೋ ಕೂತು ಕೂಸು ಆಡಿಸುತ್ತಿದ್ದ. ಅವ್ವ ಒಂದು ಗಳಿಗೆ ನಕ್ಕಳು. ಆಮೇಲೆ ಇಬ್ಬರಿಗೂ ಸಿದ್ರಾಯನ ಅಂಗಿ ನೆನಪಾಯಿತು. ಸೋಮವಾರಕ್ಕೆ ಇನ್ನು ಎರಡು ದಿನ ಇತ್ತು.

ಯುದ್ಧದ ಕೊಳೆ ಮಾಡುವುದು ಸುಲಭವಲ್ಲ. ಕೆರೆಯಂಗಳದ ಮಣ್ಣು ಬಹಳ ಕಪ್ಪಾಯಿತು, ಅದಕ್ಕೆ ಹಂಚಿನ ಪುಡಿ ಬೆರೆಸಿದೆ. ದೀಪಾವಳಿಯ ಎರಡು ಪಟಾಕಿ ಬಿಚ್ಚಿ ಮದ್ದು ಉದುರಿಸಿದೆ. ಗಿರಣಿಯ ಇಂಜಿನ್ನಿನ ಕರಿ ಎಣ್ಣೆಯನ್ನು ಎದೆಗೆ, ಮೊಣಕೈಗೆ ಹಚ್ಚಿದೆ. ಕೋಳಿ ಕೊಯ್ಯುವ ಮನೆತನ ನಮ್ಮದಲ್ಲ. ರಕ್ತಕ್ಕೇನು ಮಾಡುವುದೆಂದು ಯೋಚಿಸುತ್ತಿರುವಾಗ ಗಿರಣಿಯ ಬೆಲ್ಟು ಮೊಣಕೈ ತರಚಿತು. ಅದನ್ನು ವ್ಯರ್ಥ ಮಾಡಲಿಲ್ಲ. ಹಾಲಿನ ಕಲೆಯಿದ್ದ ಹೆಗಲಿಗೇ ಒರೆಸಿದೆ. ಅವ್ವ ಮೂಸಿ, "ಈಗ ಗಂಡಸಿನ ಅಂಗಿ ಆತು," ಎಂದಳು.

ಸೋಮವಾರ ಮಾಸ್ತರು ಭೂತಗನ್ನಡಿಯನ್ನು ಹೆಗಲ ಮೇಲೆ ಬಹಳ ಹೊತ್ತು ಹಿಡಿದರು. ಅವರ ಮಗನ ಅಂಗಿಯೂ ಎರಡು ವಾರದಿಂದ ಮದ್ದಿಲ್ಲದೆ ಬರೀ ಬೆವರಾಗುತ್ತಿದೆ ಎಂದು ಊರಲ್ಲಿ ಮಾತಿತ್ತು. ಕೊನೆಗೆ ಎದ್ದು ನಿಂತರು.

"ನೋಡ್ರಿ ಎಲ್ಲಾರೂ," ಎಂದರು. "ಹೆಗಲಿಗೆ ಪೆಟ್ಟು ತಿಂದಾನ, ಆದ್ರೂ ತೆವಳಕೊಂಡು ಮುಂದ ಹೋಗ್ಯಾನ. ಎದಿ ಮ್ಯಾಲಿನ ಎಣ್ಣಿ ನೋಡ್ರಿ. ತೋಫಿಂದು. ಇದು ಅಂಗಿ ಅಂದ್ರ!"

ಹೆಂಗಸರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅಂಗಿಯನ್ನು ಶಾಲೆಯ ಗಾಜಿನ ಕಪಾಟಿನಲ್ಲಿ, ಮಕ್ಕಳು ಖೋಖೋದಲ್ಲಿ ಗೆದ್ದ ಢಾಲುಗಳನ್ನು ತೆಗೆದು, ಅಲ್ಲಿ ತೂಗುಹಾಕಬೇಕೆಂದು ಸಮಿತಿ ಅಲ್ಲೇ ತೀರ್ಮಾನಿಸಿತು. ದಿನಾ ಪ್ರಾರ್ಥನೆಯ ನಂತರ ಮಕ್ಕಳು ಅದಕ್ಕೆ ಸೆಲ್ಯೂಟ್ ಹೊಡೆಯಬೇಕು.

ನಾಳೆ ಬೆಳಗಿನ ಹೊತ್ತಿಗೆ ಆ ಗಾಜಿನೊಳಗೆ, ಇಡೀ ಶಾಲೆಯ ಎದುರು, ಕೂಸೊಂದು ಹಾಲು ಕಕ್ಕುತ್ತದೆ ಎಂಬುದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

"ಮಾಸ್ತರ್ರ, ಒಂದು ಗುಂಡಿ ಬಿದ್ದೈತ್ರಿ," ಎಂದೆ. "ಹಚ್ಚಿಕೊಂಡು ನಾಳೆ ತಂದು ಕೊಡ್ತೀನ್ರಿ. ಗುಂಡಿ ಇಲ್ಲದ ಅಂಗಿಗೆ ಸೆಲ್ಯೂಟ್ ಹೊಡದ್ರ ಚಂದ ಕಾಣಂಗಿಲ್ಲ."

ಮಾಸ್ತರು ಶಿಸ್ತಿನವರು. ಒಪ್ಪಿದರು.

ಮನೆಗೆ ಬಂದು ಅವ್ವನಿಗೆ ಹೇಳುವಾಗ ದನಿ ಸಣ್ಣದು ಮಾಡಲು ಮರೆತೆ. ಗೋಡೆ ಒಂದೇ ಎಂದು ಹೇಳಿದೆನಲ್ಲ. ಅವ್ವ ಇನ್ನೂ "ಬ್ಯಾರೆ ಅಂಗಿ ಕೊಡು" ಎನ್ನುತ್ತಿದ್ದಳು, ನಾನು "ಯಾರ್ದು ಕೊಡ್ಲಿ, ಪಟ್ಟಿ ಎಲ್ಲಾರಿಗೂ ಗೊತ್ತೈತಿ" ಎನ್ನುತ್ತಿದ್ದೆ. ಹಿತ್ತಿಲ ಬಾಗಿಲಿಂದ ಕಲ್ಲವ್ವ ಬಂದಳು. ಕೈಯಲ್ಲಿ ಮಡಚಿದ ಅಂಗಿ ಇತ್ತು. ತಿಳಿನೀಲಿ, ಬಿಳಿ ಪಟ್ಟಿ, ಅದೇ ತಾನು, ಅದೇ ಹೊಲಿಗೆ.

"ಇದು ಇನ್ನ ಹೊಲಸ ಆಗಂಗಿಲ್ಲ," ಎಂದಳು. "ತಗೋ."

ನಾನು ಕೈ ಚಾಚಲಿಲ್ಲ. ಅವಳಿಗೆ ಉಳಿದಿದ್ದದ್ದು ಅದೊಂದೇ.

"ಎಲ್ಲಿ ಇಡ್ತಾರ ಇದನ್ನ?" ಎಂದು ಕೇಳಿದಳು.

"ಗಾಜಿನ ಕಪಾಟಿನಾಗ."

"ಧೂಳ ಬೀಳತೈತೇನು?"

"ಇಲ್ಲಕ್ಕಾ. ಬಾಗಿಲಾ ಹಾಕ್ತಾರ."

"ಹೋಗಿ ನೋಡಾಕ ಬಿಡ್ತಾರೇನು?"

"ಯಾರ ಬೇಕಾದ್ರೂ ನೋಡಬಹುದು. ನೋಡ್ಲಿ ಅಂತನ ಇಡೋದು."

ಅವಳು ಅಂಗಿಯನ್ನು ಚಾಪೆಯ ಮೇಲೆ ಹಾಸಿದಳು. ನಾನು ಎಣ್ಣೆ ಹಚ್ಚಲು ಶುರುಮಾಡಿದಾಗ, "ಕೊರಳಪಟ್ಟಿ ಹತ್ರ ಸಾವಕಾಶ, ಅಲ್ಲಿ ಬಟ್ಟಿ ಸವದೈತಿ," ಎಂದಳು. ಆಮೇಲೆ ಅವಳೇ ಇನ್ನೊಂದು ತೋಳು ಹಿಡಿದಳು. ಮೊಣಕೈಯ ಗಾಯವನ್ನು ನಾನು ಮತ್ತೆ ಕೆರೆದುಕೊಳ್ಳಬೇಕಾಯಿತು. ಸಂಜೆಯ ಹೊತ್ತಿಗೆ ಎರಡು ಅಂಗಿಯನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾರದೆಂದು ಹೊಲಿದವನೇ ಹೇಳಬೇಕಿತ್ತು.

"ಇನ್ನೊಂದು ಮಾತು ಐತಿ," ಎಂದಳು ಕಲ್ಲವ್ವ. "ಮೂರ್ ದಿನ ಹೊಸಾ ಕಲೆ ಬರ್ಲಿಲ್ಲಂದ್ರ ನಿಮ್ಮ ಚನ್ನವೀರ ಸತ್ತ ಅಂತಾರ."

ಅವ್ವ ತಟ್ಟನೆ ನೆಟಿಕೆ ಮುರಿದಳು. "ಬಿಡ್ತು ಅನ್ನು."

"ಬಿಡ್ತು. ಆದ್ರ ಯವ್ವಾ, ಸತ್ತವನ್ನ ಯಾರೂ ಹುಡುಕಂಗಿಲ್ಲ."

ಇದ್ದ ಮಗನನ್ನು ಸತ್ತನೆಂದು ಹೇಳಿಕೊಳ್ಳುವುದು ಯಾವ ತಾಯಿಗೂ ಆಗುವ ಮಾತಲ್ಲ. ಕೊನೆಗೆ ಅವ್ವ, "ಸತ್ತ ಅಂದ್ರ ಸಾಯಂಗಿಲ್ಲ, ಹಿಡದ್ರ ಸಾಯ್ತಾನ," ಎಂದು ತಾನೇ ಸಮಾಧಾನ ಮಾಡಿಕೊಂಡಳು.

ಮಂಗಳವಾರ ಅಂಗಿ ಕಪಾಟು ಸೇರಿತು. ಮಕ್ಕಳು ಸೆಲ್ಯೂಟ್ ಹೊಡೆದರು. ಭರಮಪ್ಪನ ಮೈ ಸ್ವಲ್ಪ ದಪ್ಪ, ಅಂಗಿಯೂ ಎರಡು ಬೆರಳು ಅಗಲ. ಆದರೆ ತೂಗುಹಾಕಿದ ಅಂಗಿಯ ಅಳತೆಯನ್ನು ಯಾರೂ ತೆಗೆಯುವುದಿಲ್ಲ. ನಮ್ಮ ನಿಜವಾದ ಅಂಗಿಯನ್ನು ನಾನು ಗಿರಣಿಯಲ್ಲಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟೆ. ಮರುದಿನ ಅದರ ಮೇಲೆ ಹಾಲಿನ ಜೊತೆಗೆ ಬಜೆ ತೇಯ್ದ ವಾಸನೆ ಇತ್ತು. ಕೂಸಿಗೆ ಹೊಟ್ಟೆನೋವು ಇರಬೇಕು. ಆ ದಿನವೆಲ್ಲ ಜೋಳ ಬೀಸುತ್ತಾ ನನಗೆ ಅದೇ ಚಿಂತೆ.

ಕಲ್ಲವ್ವ ದಿನಾ ಹತ್ತು ಗಂಟೆಗೆ ಶಾಲೆಗೆ ಹೋಗಿ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳು. ಶತ್ರುವಿನ ಹೆಂಡತಿಗೂ ಈಗ ಬುದ್ಧಿ ಬಂದಿದೆ ಎಂದು ಸಮಿತಿಯ ಒಬ್ಬರು ಮೆಚ್ಚಿಕೊಂಡರು.

ಶುಕ್ರವಾರ ಮಧ್ಯಾಹ್ನ ಮಾಸ್ತರು ನಮ್ಮ ಮನೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟರು, ಟೋಪಿ ಕೈಯಲ್ಲಿ ಹಿಡಿದರು. "ಮೂರ್ ದಿನ ಆತು, ತಾಯಿ," ಎಂದರು. ಅವ್ವ ಆ ಹೊತ್ತಿಗೆ ನಿಜವಾಗಿಯೂ ಹೆದರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟು ಸಾಕಾಯಿತು. ಮಾಸ್ತರು ಕಣ್ಣೊರೆಸಿಕೊಂಡು ಹೋದರು.

ಸಂಜೆಯ ಮುಂಚೆ ಓಣಿಯ ಹೆಂಗಸರೆಲ್ಲ ಬಂದು ಪಡಸಾಲೆಯಲ್ಲಿ ಕೂತರು. ಅಪಶಕುನ ತಾಗದಿರಲಿ ಎಂದು ಅವ್ವ ಒಂದು ಕಲ್ಲುಸಕ್ಕರೆಯನ್ನು ಬಾಯಲ್ಲಿಟ್ಟುಕೊಂಡು ಸೆರಗು ಮುಚ್ಚಿಕೊಂಡಳು. ಅಳುವುದು ಅವಳಿಗೆ ಆಗಲೇ ಇಲ್ಲ. ನಾನು ಒಂದೆರಡು ಸಲ ದನಿ ತೆಗೆದೆ. ಅದು ಗಿರಣಿಯ ಇಂಜಿನ್ ಹತ್ತದಿದ್ದಾಗ ಮಾಡುವ ಸದ್ದಿನಂತಿತ್ತು. ಬಂದ ಹೆಂಗಸರು ಒಬ್ಬರನ್ನೊಬ್ಬರು ನೋಡತೊಡಗಿದರು. ಅಳುವವರಿಲ್ಲದ ಸಾವನ್ನು ಅವರು ಕಂಡಿರಲಿಲ್ಲ.

ಆಗ ಕಲ್ಲವ್ವ ಬಂದು ನಡುವೆ ಕೂತಳು. ಅವಳ ಕೈಯಲ್ಲಿ ಬಳೆ ಇರಲಿಲ್ಲ. ಮೊದಲು ಸುಮ್ಮನೆ ಮುಂದಕ್ಕೂ ಹಿಂದಕ್ಕೂ ತೂಗಾಡಿದಳು. ಆಮೇಲೆ ಅವಳ ಹೊಟ್ಟೆಯಿಂದ ಒಂದು ದನಿ ಎದ್ದಿತು. ನಮ್ಮ ಕಡೆ ಸತ್ತವರನ್ನು ಹಾಡಿಕೊಂಡು ಅಳುತ್ತಾರೆ. ಅವರು ಏನು ತಿನ್ನುತ್ತಿದ್ದರು, ಹೇಗೆ ನಗುತ್ತಿದ್ದರು, ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಅವಳು ತಿಂಗಳಿಗೂ ಮಿಕ್ಕಿ ನುಂಗಿಕೊಂಡಿದ್ದನ್ನೆಲ್ಲ ಹೇಳಿಕೊಂಡಳು.

"ಹೇಳದ ಹೋದೆಲ್ಲೋ ನನ್ನಪ್ಪಾ, ಅರ್ಧ ರೊಟ್ಟಿ ಬಿಟ್ಟು ಹೋದೆಲ್ಲೋ! ಊರಿಗೆಲ್ಲಾ ಅಂಗಿ ಹೊಲದಿ, ನಿನಗೊಂದು ಹೊಲಕೊಳ್ಳಾಕ ಮೂರ್ ವರ್ಸ ಬೇಕಾತಲ್ಲೋ! ಸೂಜಿ ಹಿಡದ ಕೈಗೆ ಬಂದೂಕ ಕೊಟ್ರಲ್ಲೋ!"

ಸೂಜಿ ಎಂದ ಕೂಡಲೇ ಪಡಸಾಲೆ ಸ್ತಬ್ಧವಾಯಿತು. ನಮ್ಮ ಅಣ್ಣ ಜನ್ಮದಲ್ಲಿ ಸೂಜಿ ಹಿಡಿದವನಲ್ಲ. ಅವನು ಗಿರಣಿಯವನೆಂದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಅವನ ಕೈಯಲ್ಲಿ ಹಿಟ್ಟು ಹಾಕಿಸಿದವರೇ. ನಾನು ಬಾಗಿಲ ಕಡೆ ನೋಡಿದೆ. ಮಾಸ್ತರು ಸಮಿತಿಯ ಹೂಮಾಲೆ ಹಿಡಿದುಕೊಂಡು ಹೊಸ್ತಿಲ ಆಚೆ ನಿಂತಿದ್ದರು. ಕಲ್ಲವ್ವನಿಗೆ ಅದಾವುದರ ಪರಿವೆ ಇರಲಿಲ್ಲ.

ಓಣಿಯ ಎಲ್ಲರಿಗಿಂತ ಹಿರಿಯಳಾದ ನಿಂಬೆವ್ವ ಮೂಲೆಯಲ್ಲಿ ಕೂತಿದ್ದಳು. ಮೂಡಣದ ಪರವಾಗಿ ಇಬ್ಬರು ಮೊಮ್ಮಕ್ಕಳನ್ನು ಕಳಿಸಿದವಳು, ಒಬ್ಬನ ಅಂಗಿ ಆಗಲೇ ಸ್ವಚ್ಛವಾಗಿತ್ತು. ಅವಳು ಒಂದು ಸಲ ಮಾಸ್ತರ ಕಡೆ ನೋಡಿ, ಕಲ್ಲವ್ವನ ಹತ್ತಿರ ಸರಿದು ಅವಳ ಹೆಗಲ ಮೇಲೆ ಕೈಯಿಟ್ಟಳು.

"ಹೌದವಾ," ಎಂದು ತಾನೂ ದನಿ ಕೂಡಿಸಿದಳು. "ಸೂಜಿ ಹಿಡದ ಕೈಯೋ, ಬಂಗಾರದ ಕೈಯೋ!"

ಆಮೇಲೆ ಎಲ್ಲರೂ ಸೇರಿದರು. ಹದಿನಾರು ಹೆಂಗಸರು ಸೂಜಿ ಹಿಡಿದ ಕೈಯನ್ನು ನೆನೆದು ಅತ್ತರು. ಅವ್ವ ಕೂಡ ಕಲ್ಲುಸಕ್ಕರೆ ಉಗುಳಿ ಅತ್ತಳು. ಅವಳ ಮೊದಲ ಬಾಣಂತನಕ್ಕೆ ಕೂಸಿನ ಕುಲಾಯಿ ಹೊಲಿದವನು ಭರಮಪ್ಪನ ತಂದೆ. ನಾನೂ ಅತ್ತೆ, ಈ ಸಲ ಇಂಜಿನ್ ಹತ್ತಿತು. ಬಾಗಿಲಲ್ಲಿ ನಿಂತಿದ್ದ ಮಾಸ್ತರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಹೂಮಾಲೆಯನ್ನು ಹೊಸ್ತಿಲ ಮೇಲಿಟ್ಟು ಹೋದರು. ಮರುದಿನ ಸಮಿತಿಯವರು ಯಾರೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆಜ್ಞೆ ಮುರಿದವರ ಪಟ್ಟಿಯಲ್ಲಿ ಕಲ್ಲವ್ವನ ಹೆಸರು ಸೇರಲಿಲ್ಲ. ನನ್ನ ಅಣ್ಣ ಮಾತ್ರ ಹುತಾತ್ಮರ ಪಟ್ಟಿಯಲ್ಲಿ ಹನ್ನೊಂದನೆಯವನಾದ.

ಹುತಾತ್ಮನ ಅಂಗಿಯನ್ನು ಗಿರಣಿಯ ಒಳಗೆ ಬಕೆಟ್ಟಿನಲ್ಲಿ ಒಗೆಯುತ್ತಾ ನಾನು ಇನ್ನೊಂದು ವರ್ಷ ಕಳೆದೆ. ಹಾಲು ಹೋಗಿ ರಾಗಿ ಅಂಬಲಿ ಬಂತು. ಆಮೇಲೆ ಬಾಳೆಹಣ್ಣು. ಒಂದು ದಿನ ಎದೆಯ ಮೇಲೆ ಮಣ್ಣಿನ ಎರಡು ಅಂಗೈ ಗುರುತು ಇತ್ತು, ನನ್ನ ಹೆಬ್ಬೆರಳಷ್ಟಷ್ಟು ದೊಡ್ಡವು. ಅವತ್ತು ಅಂಗಿ ಒಗೆಯಲಿಲ್ಲ. ಆ ವರ್ಷ ನಾನು ಇಂಜಿನ್ ಬಿಚ್ಚಿ ಜೋಡಿಸಲು ಕಲಿತೆ, ಬಂದ ಒಂದು ಗಂಡನ್ನು ಬೇಡವೆಂದೆ. ಮಾಸ್ತರ ಮಗನ ಅಂಗಿ ಮಾಘದಲ್ಲಿ ಸ್ವಚ್ಛವಾಯಿತು. ಅವರ ಮನೆಯಲ್ಲಿ ಹೆಂಗಸರಿರಲಿಲ್ಲ. ನಾವು ಓಣಿಯವರು ಹೋದೆವು. ಎಲ್ಲರಿಗಿಂತ ಮೊದಲು ಹೋಗಿ ಕೂತವಳು ಕಲ್ಲವ್ವ.

ಯುದ್ಧ ನಿಂತಿತೆಂದು ರೇಡಿಯೋ ಹೇಳಿತು. ಗೆದ್ದವರು ಯಾರೆಂದು ಹೇಳುವ ಮೊದಲೇ ನಮ್ಮ ಊರಿನ ಕರೆಂಟು ಹೋಯಿತು. ಹತ್ತು ದಿನ ಬಿಟ್ಟು ಒಂದು ಬೆಳಿಗ್ಗೆ ಅಣ್ಣ ನಡೆದುಕೊಂಡು ಬಂದ. ಎಡ ಹೆಗಲ ಮೇಲೆ ಒಂದು ಹೆಣ್ಣುಕೂಸು ಮಲಗಿತ್ತು. ಅವನ ತುಕಡಿ ಬೆಂಕಿ ಹಚ್ಚಿದ ಒಂದು ಪಡುವಣ ಹಳ್ಳಿಯಲ್ಲಿ ಒರಳಿನ ಹಿಂದೆ ಸಿಕ್ಕಿತಂತೆ. ಬಿಟ್ಟು ಬಾ ಎಂದರಂತೆ. ಬಿಡಲು ಹೋದವನು ಹಾಗೇ ನಡೆದುಕೊಂಡು ಹೋಗಿಬಿಟ್ಟನಂತೆ. ದೂರದ ಒಂದು ಧರ್ಮಶಾಲೆಯಲ್ಲಿ ಹಿಟ್ಟು ಬೀಸಿಕೊಂಡು ಇದ್ದನಂತೆ. ಇಷ್ಟನ್ನೇ ಹೇಳಿದ. ಅವ್ವ ಇಷ್ಟನ್ನೂ ಕೇಳಲಿಲ್ಲ. ಕೂಸನ್ನು ಇಸಿದುಕೊಂಡು ಅಡುಗೆಮನೆಗೆ ಹೋಗಿದ್ದಳು.

ಮರುದಿನ ಗುರುಪಾದಪ್ಪ ಮಾಸ್ತರು ಬಂದರು. ಕಂಕುಳಲ್ಲಿ ಕಾಗದದ ಪೊಟ್ಟಣ. ಶಾಲೆಯವರು ಕಪಾಟಿಗೆ ಢಾಲುಗಳನ್ನು ಮತ್ತೆ ಇಡುತ್ತಿದ್ದರಂತೆ. ಅಂಗಳದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ ಅಣ್ಣನನ್ನು ನೋಡಿ ನಿಂತರು.

"ಇಂವಾ ಸತ್ತಿದ್ದ," ಎಂದರು.

"ಹೌದ್ರಿ," ಎಂದಳು ಅವ್ವ.

"ಚಲೋ ಆತು." ಅಷ್ಟು ಹೇಳಿ, ಪೊಟ್ಟಣವನ್ನು ನಮಗೆ ಕೊಡದೆ, ಪಕ್ಕದ ಮನೆಯ ಬಾಗಿಲಿಗೆ ಹೋದರು. ಚಪ್ಪಲಿ ಕಳಚಿದರು. ಟೋಪಿ ತೆಗೆದರು. ಕಲ್ಲವ್ವ ಹೊರಗೆ ಬಂದಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ನಿಮ್ಮ ಯಜಮಾನ್ರ ಅಂಗಿ, ತಾಯಿ. ತಡಾ ಆತು."

ಅವಳು ಬಿಚ್ಚಿ ನೋಡಿದಳು. ಎಣ್ಣೆ, ಮಣ್ಣು, ನನ್ನ ಮೊಣಕೈಯ ರಕ್ತ ಎಲ್ಲವೂ ಗಾಜಿನೊಳಗೆ ಒಣಗಿ ಬಟ್ಟೆಗೆ ಕಚ್ಚಿಕೊಂಡಿದ್ದವು. ಅವಳು ಮಾಸ್ತರಿಗೆ ಕೈ ಮುಗಿದು, ಅಂಟವಾಳದ ಬುಟ್ಟಿ ಎತ್ತಿಕೊಂಡು ನನ್ನನ್ನು ಕರೆದಳು. ಇಬ್ಬರೂ ಕೆರೆಗೆ ಹೋದೆವು. ಮೊದಲ ಸಲ ನೀರು ಕಪ್ಪಗೆ ಇಳಿಯಿತು, ಎರಡನೆಯ ಸಲವೂ ಕಪ್ಪಗೆ. ನಾಲ್ಕನೆಯ ಸಲಕ್ಕೆ ಅವಳು ಬೆನ್ನು ನೆಟ್ಟಗೆ ಮಾಡಿ, ಒದ್ದೆ ಕೈಯಿಂದ ಮುಖ ಒರೆಸಿಕೊಂಡಳು.

"ಏನ್ ಎಣ್ಣಿ ಹಚ್ಚಿದೆವಾ ಮಾರಾಯ್ತಿ," ಎಂದು ಬೈದಳು. "ಹಿಡಿ ಆ ತುದಿ. ಜೋರಾಗಿ ಹಿಂಡು."